ಅಕ್ಷರ ಪದ್ಯ ಬರೆಸಿದವರು ಯಾರಾದರೂ ಇದ್ದೀರಾ? (2–3ನೇ ಕ್ಲಾಸು)

ಸುಣ್ಣದಕಡ್ಡಿ

ಎಲ್ಲರಿಗೂ ನಮಸ್ಕಾರ. ಮಂಡ್ಯ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ 2 ಮತ್ತು 3ನೇ ಕ್ಲಾಸು ನೋಡಿಕೊಳ್ಳುತ್ತೇನೆ. ಎರಡೂ ಕ್ಲಾಸು ಒಂದೇ ಕೋಣೆಯಲ್ಲಿ, ಒಟ್ಟು 22 ಮಕ್ಕಳು.

ನನ್ನ ತಲೆನೋವು ಇದು. ಬೋರ್ಡ್ ಮೇಲೆ ಬರೆದದ್ದನ್ನು ನಮ್ಮ ಮಕ್ಕಳು ಮುತ್ತು ಪೋಣಿಸಿದ ಹಾಗೆ ಇಳಿಸಿಕೊಳ್ಳುತ್ತಾರೆ. ಆದರೆ ‘ಈಗ ನೀವೇ ಏನಾದರೂ ಬರೀರಿ’ ಅಂದ ತಕ್ಷಣ ಪೆನ್ಸಿಲ್ ನಿಂತುಬಿಡುತ್ತದೆ. ಒಬ್ಬ ಮೆಂಡರ್ ಹುಡುಕುತ್ತಾನೆ. ಇನ್ನೊಬ್ಬಳಿಗೆ ಒಂದಕ್ಕೆ ಹೋಗಬೇಕು. ‘ನನ್ನ ಶಾಲೆ’ ಬಗ್ಗೆ ಐದು ವಾಕ್ಯ ಅಂದರೆ 22 ಪುಸ್ತಕದಲ್ಲೂ ಅದೇ ಐದು ವಾಕ್ಯ. ‘ನನ್ನ ಶಾಲೆ ದೊಡ್ಡದಾಗಿದೆ’ ಅಂತ ಎಲ್ಲರೂ ಬರೆದಿದ್ದಾರೆ. ನಮ್ಮದು ಎರಡು ಕೋಣೆ, ಒಂದು ಅಡುಗೆಮನೆ!

ಎರಡು ವಾರದ ಹಿಂದೆ ಸುಮ್ನೆ ಒಂದು ಆಟ ಶುರು ಮಾಡಿದೆ. ಒಂದು ಅಕ್ಷರ, ನಾಲ್ಕು ಸಾಲು. ಪ್ರತಿ ಸಾಲೂ ಆ ಅಕ್ಷರದಿಂದ ಶುರುವಾಗಬೇಕು, ಯಾವ ಕಾಗುಣಿತ ಆದರೂ ಸರಿ. ಮೊದಲು ನಾನೇ ಒಂದು ಬರೆದೆ:

ಬಸ್ಸು ಬಂತು
ಬೆಕ್ಕು ಹತ್ತಿತು
ಬೀಡಿ ತಾತ ಬೈದ
ಬಾಲ ಮಾತ್ರ ಹೊರಗೆ

ನಕ್ಕರು. ಆಮೇಲೆ ಎಲ್ಲರಿಗೂ ‘ಅ’ ಕೊಟ್ಟೆ. ಜೂನ್‌ನಿಂದ ಒಂದು ಸ್ವಂತ ಸಾಲೂ ಬರೆಯದಿದ್ದ 2ನೇ ಕ್ಲಾಸಿನ ಹುಡುಗ ಒಬ್ಬ ಹತ್ತು ನಿಮಿಷ ಬಗ್ಗಿಕೊಂಡು ಬರೆದು ತಂದ:

ಅಕ್ಕಿ ಆರಿತು
ಅಮ್ಮ ನೋಡಿದಳು
ಅಜ್ಜಿ ಓಡಿಸಿದಳು
ಅಲ್ಲೇ ಕೂತಿತು

ಕೆಂಪು ಪೆನ್ನು ತೆಗೆದೆ, ಹಾಗೇ ನಿಂತೆ. ನಮ್ಮ ಕಡೆ ‘ಹ’ ಬಾಯಲ್ಲೇ ಇಲ್ಲ, ಗೊತ್ತಲ್ಲ. ಅಂಗಳದಲ್ಲಿ ಹಾಕಿದ ಅಕ್ಕಿ ಆರಿತಾ, ಹಕ್ಕಿ ಹಾರಿತಾ? ಕೇಳಿದೆ. ಅವನು ಕಿಟಕಿಯಾಚೆ ತಂತಿ ಮೇಲೆ ಕೂತಿದ್ದ ಗೊರವಂಕ ತೋರಿಸಿದ.

ಇದನ್ನು ತಿದ್ದಬೇಕಾ? ತಿದ್ದಿದರೆ ‘ಅ’ ಪದ್ಯ ‘ಹ’ ಪದ್ಯ ಆಗಿಬಿಡುತ್ತದೆ! ಇನ್ನೂ ಎರಡು ಪ್ರಶ್ನೆ ಇವೆ. ಅರ್ಧ ಮಕ್ಕಳು ಬರೀ ಪದದ ಪಟ್ಟಿ ಬರೆಯುತ್ತಿದ್ದಾರೆ (ಅಮ್ಮ, ಅಣ್ಣ, ಅಕ್ಕ, ಅಳಿಲು). ಮತ್ತೆ 49 ಅಕ್ಷರಕ್ಕೂ ಮಾಡಿಸೋಣ ಅಂದರೆ ಙ, ಞ, ಣ, ಳ ಏನು ಮಾಡಲಿ?

—

ಹುಣಸೆಬೀಜ

‘ಬಾಲ ಮಾತ್ರ ಹೊರಗೆ’! ನಾಳೆ ಇದನ್ನು ಕದೀತೀನಿ ಮೇಡಂ.

—

ನಲಿಕಲಿ ಮೇಷ್ಟ್ರು

ಮೇಡಂ, 49ರ ಆಸೆ ಮೊದಲು ಬಿಡಿ. ವರ್ಣಮಾಲೆ ಮುಗಿದ ಮೇಲೆ ಪದ್ಯ ಅಂತ ಕೂತರೆ ಮಕ್ಕಳು ಹೈಸ್ಕೂಲಿಗೆ ಹೋಗಿರುತ್ತಾರೆ.

1995ರಲ್ಲಿ ಎಚ್.ಡಿ. ಕೋಟೆಯಲ್ಲಿ ನಲಿಕಲಿ (ಆಡುತ್ತಾ ಕಲಿಯುವ ಪದ್ಧತಿ) ಶುರುವಾದಾಗ ನಮ್ಮ ಕಡೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಯಿಂದ ಕಲಿತು ಬಂದರು. ಅವರು ಅ ಆ ಇ ಈ ಕ್ರಮ ಹಿಡಿಯಲಿಲ್ಲ. ರ ಗ ಸ ದ ಅ ಅಂತ ಶುರು ಮಾಡಿದರು, ಆಮೇಲೆ ಜ ವ ಮ ಬ ನ. ಬರೆಯೋಕೆ ಸುಲಭ, ಸೇರಿಸಿದರೆ ಕೂಡಲೇ ಪದ ಆಗುತ್ತದೆ. ಮೊದಲ ಐದು ಅಕ್ಷರದಲ್ಲೇ ಒಂದು ಪೂರ್ತಿ ಊರೇ ಇದೆ ನೋಡಿ, ಗದಗ! ಅರಸ, ಅಗಸ, ಸರ, ರಸ, ಗರಗಸ ಎಲ್ಲ ಬರುತ್ತವೆ. ಮಕ್ಕಳಿಗೆ ಹತ್ತು ಅಕ್ಷರ ಬಂದ ದಿನ ನಾನು ಇದನ್ನು ಹಾಡಿಸುತ್ತೇನೆ:

ಬಸವನ ಗರಗಸ
ಗರಗರ ಗರಗರ
ಮರ ದಬದಬ

ಕಾಗುಣಿತ ಇಲ್ಲ, ಒತ್ತಕ್ಷರ ಇಲ್ಲ. ಆದರೆ ಒಂದು ಮರ ಬೀಳುತ್ತದೆ. ಒಂದನೇ ಕ್ಲಾಸಿನ ಮಗುವಿಗೆ ತಾನು ಓದಿದ್ದರಲ್ಲಿ ಏನೋ ಆಯಿತು ಅನ್ನೋದು ದೊಡ್ಡ ವಿಷಯ. ಹಾಡಿಸಿದ ಮೇಲೆ ‘ಬಸವನ ಬದಲು ಬೇರೆ ಯಾರು?’ ಅಂತ ಕೇಳಿ. ‘ಮದನ’ ಅಂದರು. ಬರವಣಿಗೆ ಶುರು ಆಯ್ತಲ್ಲ!

ನಿಮ್ಮ ಅಕ್ಕಿ–ಹಕ್ಕಿ ಹುಡುಗನದ್ದು ತಿದ್ದಬೇಡಿ. ಪಕ್ಕದಲ್ಲಿ ಇನ್ನೊಂದು ಸಾಲು ಬರೆದು ತೋರಿಸಿ. ‘ಅಕ್ಕಿ ಆರಿತು’ ಕೆಳಗೆ ‘ಹಕ್ಕಿ ಹಾರಿತು’. ಎರಡನ್ನೂ ಜೋರಾಗಿ ಓದಿಸಿ, ಒಂದಕ್ಕೆ ನೆಲದ ಕಡೆ, ಇನ್ನೊಂದಕ್ಕೆ ಆಕಾಶದ ಕಡೆ ಕೈ ತೋರಿಸಲಿ. ನಮ್ಮೂರಲ್ಲೂ ಆವು, ಆಲು, ಉಡುಗ. ‘ಹ ಬಿಟ್ಟಿದ್ದೀಯ’ ಅಂತ ನೂರು ಸಲ ಹೇಳಿದರೂ ಆಗದ್ದು ಹೀಗೆ ಜೋಡಿ ಹಾಕಿದಾಗ ಆಗಿದೆ.

—

ಕರಿಹಲಗೆ

ನಿವೃತ್ತ ಮುಖ್ಯ ಶಿಕ್ಷಕ ನಾನು. ‘ತಿದ್ದಬೇಡಿ’ ಅನ್ನೋ ಮಾತು ಈಗ ಫ್ಯಾಶನ್ ಆಗಿದೆ. 7ನೇ ಕ್ಲಾಸಿಗೆ ಬಂದರೂ ‘ಉಡುಗ ಓದನು’ ಅಂತ ಬರೆಯುವ ಮಕ್ಕಳನ್ನು ನಾನು ನೋಡಿದ್ದೇನೆ. ಅವರನ್ನು ಮೊದಲು ತಿದ್ದದವರು ಯಾರು? ನಾವೇ ಅಲ್ವಾ?

—

ಸುಣ್ಣದಕಡ್ಡಿ

ಕರಿಹಲಗೆ ಸರ್, ನಿಮ್ಮ ಮಾತು ಚುಚ್ಚಿತು, ಆದರೆ ಸುಳ್ಳಲ್ಲ. ಭಯ ಏನಂದರೆ, ವರ್ಷಕ್ಕೆ ಮೊದಲ ಸಲ ಬರೆದ ನಾಲ್ಕು ಸಾಲಿನ ಮೇಲೆ ಎಂಟು ಕೆಂಪು ಗೆರೆ ಎಳೆದರೆ ಐದನೇ ಸಾಲು ಬರುತ್ತದಾ?

—

ಕರಿಹಲಗೆ

ಬರಲ್ಲ. ಅದನ್ನೂ ನೋಡಿದ್ದೇನೆ. ಹಾಗಾಗಿ ನಾನು ಮಾಡುತ್ತಿದ್ದದ್ದು ಹೇಳುತ್ತೇನೆ. ಎರಡು ಪುಟ. ಎಡಗಡೆ ಕಚ್ಚಾ, ಬಲಗಡೆ ಪಕ್ಕಾ. ಎಡಗಡೆ ನನ್ನ ಪೆನ್ನು ಮುಟ್ಟುವಂತಿಲ್ಲ. ಬಲಗಡೆಗೆ ಇಳಿಸುವ ಮೊದಲು ಮಗು ನನ್ನ ಮೇಜಿನ ಹತ್ತಿರ ನಿಂತು ಓದಬೇಕು. ಓದುವಾಗ ಅರ್ಧ ತಪ್ಪು ತಾನೇ ಹಿಡಿಯುತ್ತದೆ. ಉಳಿದದ್ದರಲ್ಲಿ ನಾನು ಒಂದೇ ಒಂದು ಹೇಳುತ್ತಿದ್ದೆ. ಸಿಆರ್‌ಪಿ (ಶಾಲೆ ನೋಡಲು ಬರುವ ಇಲಾಖೆಯವರು) ಬಂದರೆ ಬಲಗಡೆ ಪುಟ ತೋರಿಸಿ, ನಿಮಗೂ ನೆಮ್ಮದಿ.

—

ಜೋಳದರೊಟ್ಟಿ

ಧಾರವಾಡದಿಂದ ನಮಸ್ಕಾರ ರೀ ಅಕ್ಕೋರೆ. ಮಹಾಪ್ರಾಣದ ಬಗ್ಗೆ ನಾ ಒಂದು ಹೇಳ್ತೀನಿ.

ಖ ಘ ಛ ಝ ಠ ಢ ಥ ಧ ಫ ಭ. ಈ ಹತ್ತು ಅಕ್ಷರ ಬಂದರೆ ಚಾರ್ಟಿನಲ್ಲಿ ಏನಿರುತ್ತದೆ? ಖಡ್ಗ, ಛತ್ರಿ, ಝರಿ, ಧನುಸ್ಸು. ಖಡ್ಗ ಇಟ್ಟುಕೊಂಡು 2ನೇ ಕ್ಲಾಸಿನ ಹುಡುಗಿ ಏನು ಬರೀಬೇಕು ರೀ? ಅವಳ ಮನೆಯಲ್ಲಿ ಇರೋದು ಕುಡುಗೋಲು.

ಆದರೆ ಈ ಹತ್ತೂ ಅಕ್ಷರ ನಮ್ಮ ಮಕ್ಕಳ ಬಾಯಲ್ಲಿ ದಿನಾ ಓಡಾಡುತ್ತವೆ. ಎಲ್ಲಿ? ಸಪ್ಪಳದಲ್ಲಿ. ಖಣಖಣ, ಘಮಘಮ, ಛಟಛಟ, ಝಣಝಣ, ಠಣಠಣ, ಢಣಢಣ, ಥಳಥಳ, ಧಗಧಗ, ಫಳಫಳ, ಭಣಭಣ. ಹತ್ತಕ್ಕೆ ಹತ್ತೂ ಸಿಕ್ಕವು ನೋಡ್ರಿ! ವ್ಯಾಕರಣದಲ್ಲಿ ಅನುಕರಣಾವ್ಯಯ ಅಂತ ಹೈಸ್ಕೂಲಿನಲ್ಲಿ ಹೆದರಿಸುತ್ತೇವಲ್ಲ, ಅದೇ. ಒಂದು ದಿನ ಬಿಸಿಯೂಟಕ್ಕೆ ಮೊದಲು ಐದು ನಿಮಿಷ ಕಣ್ಣು ಮುಚ್ಚಿ ಕೂರಿಸಿದೆ. ಏನು ಕೇಳಿಸ್ತು, ಏನು ವಾಸನೆ ಬಂತು ಅಂದೆ. ನಾಲ್ಕು ಮಂದಿ ಸೇರಿ ಬರೆದದ್ದು:

ಠಣಠಣ ಗಂಟೆ
ಘಮಘಮ ಸಾರು
ಥಳಥಳ ತಟ್ಟೆ
ಖಾಲಿ ಹೊಟ್ಟೆ

ಕೊನೇ ಸಾಲು ಹೇಳಿದವನು ಕ್ಲಾಸಿನಲ್ಲಿ ಎಲ್ಲರಿಗಿಂತ ಸಣ್ಣ ಹುಡುಗ. ಅಡುಗೆ ಮಾಡುವ ಅವ್ವಗೆ ಹೋಗಿ ಓದಿ ತೋರಿಸಿದ. ಅವತ್ತು ಅವನಿಗೆ ಎರಡು ಸವುಟು ಜಾಸ್ತಿ ಬಿತ್ತು.

—

ಹುಣಸೆಬೀಜ

ಇದು ಚೆನ್ನಾಗಿದೆ. ಆದರೆ ‘ಗಮಗಮ’ ಅಂತ ಬರೆದರೆ?

—

ಜೋಳದರೊಟ್ಟಿ

ಸಾರು ಇನ್ನೂ ಕುದ್ದಿಲ್ಲ ಅಂತೀನಿ. ಕುದ್ದರೆ ಘ, ಹೊಟ್ಟೆಯಿಂದ ಉಸಿರು ಬರಬೇಕು. ಅಂಗೈ ಬಾಯಿ ಮುಂದೆ ಹಿಡಿಸಿ, ಗಾಳಿ ಬಡಿದರೆ ಮಹಾಪ್ರಾಣ.

—

ಕೊನೇಬೆಂಚು

ನಾನು ಶಿಕ್ಷಕ ಅಲ್ಲ, ಪಾಲಕ. ಬೇಜಾರು ಮಾಡಿಕೊಳ್ಳಬೇಡಿ, ಇನ್ನೊಂದು ಮುಖನೂ ಹೇಳಬೇಕು.

ನನ್ನ ಮಗಳು ಬೆಂಗಳೂರಿನ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ 3ನೇ ಕ್ಲಾಸು. ಹೆಸರು ಬೇಡ. ಅಲ್ಲೂ ‘ಅಕ್ಷರ ಕವನ’ ಅಂತ ಪ್ರಾಜೆಕ್ಟ್ ಕೊಟ್ಟರು. ಅ ಇಂದ ಅಃ ವರೆಗೆ ಹದಿನೈದು ಸಾಲು, ಪ್ರತಿ ಸಾಲಿಗೂ ಬಣ್ಣದ ಚಿತ್ರ, ಸೋಮವಾರ ತರಬೇಕು. ಭಾನುವಾರ ರಾತ್ರಿ ಹನ್ನೊಂದಕ್ಕೆ ಅದನ್ನು ಬರೆದದ್ದು ಯಾರು ಅಂತ ಕೇಳಬೇಡಿ. ‘ಔ’ಗೆ ಔಷಧ, ‘ಅಃ’ಗೆ ಏನೂ ಸಿಗದೆ ‘ಅಃ ಎಂಥ ಸೊಗಸು’ ಅಂತ ಹಾಕಿದೆ. ನನಗೆ ‘ಗುಡ್’ ಬಂತು.

ನನ್ನ ಪ್ರಶ್ನೆ ಇಷ್ಟೇ. ಮಗು ಹೇಳಬೇಕಾದ ಮಾತು ಒಂದಿರುತ್ತದೆ. ಅಕ್ಷರ ಬೇರೆ ಕಡೆ ಎಳೆಯುತ್ತದೆ. ಅವಳಿಗೆ ಮನೆಗೆ ಬಂದ ನಾಯಿಮರಿ ಬಗ್ಗೆ ಬರೆಯಬೇಕಿತ್ತು, ‘ಔ’ ಬಗ್ಗೆ ಅಲ್ಲ.

—

ಸುಣ್ಣದಕಡ್ಡಿ

ಸರ್, ಹದಿನೈದು ಸಾಲು ಒಂದೇ ಸಲ ಕೇಳಿದ್ದೇ ಎಡವಟ್ಟು. ನನಗನ್ನಿಸುವುದು ಏನಂದರೆ, ಅಕ್ಷರ ಇರಬೇಕಾದದ್ದು ಮಗುವನ್ನು ಶುರು ಮಾಡಿಸೋಕೆ ಮಾತ್ರ. ಪಂಪ್ ಹೊಡೆಯೋ ಮೊದಲು ಒಂದು ಚೊಂಬು ನೀರು ಸುರೀತೀವಲ್ಲ, ಹಾಗೆ. ನೀರು ಬರೋಕೆ ಶುರುವಾದ ಮೇಲೂ ಚೊಂಬು ಹಿಡ್ಕೊಂಡೇ ನಿಂತರೆ ಹೇಗೆ? ನಿಮ್ಮ ಮಗಳು ‘ನ’ ತಗೊಂಡು ನಾಯಿಮರಿ ಅಂತ ಶುರು ಮಾಡಿ, ಮೂರನೇ ಸಾಲಿಗೆ ಅಕ್ಷರ ಮರೆತರೆ ನಾನಂತೂ ಮರೆಯಲಿ ಬಿಡಿ ಅಂತೀನಿ.

—

ನಲಿಕಲಿ ಮೇಷ್ಟ್ರು

ಪಟ್ಟಿ ಬರೆಯುವ ಮಕ್ಕಳಿಗೂ ಮದ್ದು ಇದರಲ್ಲೇ ಇದೆ ಮೇಡಂ. ‘ಅಮ್ಮ, ಅಣ್ಣ, ಅಳಿಲು’ ಅಂತ ಬರೆದರೆ ‘ಆಮೇಲೆ ಏನಾಯ್ತು?’ ಅಂತ ಒಂದೇ ಪ್ರಶ್ನೆ ಕೇಳಿ. ಅಳಿಲು ಏನು ಮಾಡ್ತು? ಅಣ್ಣನ ಚಡ್ಡಿ ಕಚ್ಚಿತು. ಮುಗೀತು, ಪಟ್ಟಿ ಪದ್ಯ ಆಯ್ತು. ನಾನು ಇನ್ನೇನೂ ಹೇಳಿಕೊಡೋದಿಲ್ಲ.

—

ಅಡಿಕೆತೋಟ

ಸಾಗರದ ಕಡೆಯವಳು, 4ನೇ ಕ್ಲಾಸು. ಸ್ವಲ್ಪ ದೊಡ್ಡ ಮಕ್ಕಳಿದ್ದರೆ ಕಾಗುಣಿತವನ್ನೇ ಏಣಿ ಮಾಡಿ. ಇಂಗ್ಲಿಷಿನಲ್ಲಿ ಒಂದು ಅಕ್ಷರ ಅಂದರೆ ಒಂದೇ. ನಮ್ಮಲ್ಲಿ ಒಂದು ‘ಮ’ ಹಿಡಿದರೆ ಹತ್ತು ಹನ್ನೆರಡು ಮೆಟ್ಟಿಲು ಸಿಗುತ್ತವೆ. ಮಗುವಿಗೆ ಮುಂದಿನ ಸಾಲು ಎಲ್ಲಿಂದ ಶುರು ಅಂತ ಯೋಚನೆ ಮಾಡಬೇಕಿಲ್ಲ, ಬಾಯಿಪಾಠ ಇದೆಯಲ್ಲ. ಕಳೆದ ಮಳೆಗಾಲದಲ್ಲಿ, ಮೂರು ದಿನ ಕರೆಂಟ್ ಇರಲಿಲ್ಲ, ಎಲ್ಲರೂ ಸೇರಿ ಮಾಡಿದ್ದು ಇದು. ಒಂದೊಂದು ಸಾಲು ಒಂದೊಂದು ಮಗು ಹೇಳಿತು, ನಾನು ಬೋರ್ಡ್ ಮೇಲೆ ಬರೆದೆ:

ಮಳೆ ಬಂತು
ಮಾಡು ಸೋರಿತು
ಮಿಂಚು ಹೆದರಿಸಿತು
ಮೀಸೆ ಅಜ್ಜ ಎದ್ದ
ಮುಸುಕು ಹೊದ್ದ ತಂಗಿ
ಮೂಲೆ ಸೇರಿದಳು
ಮೆಟ್ಟಿಲ ಮೇಲೆ ಕಪ್ಪೆ
ಮೇಲೆ ಕೆಳಗೆ ಹಾರಿತು
ಮೈಯೆಲ್ಲ ಒದ್ದೆ
ಮೊದಲು ನಕ್ಕಿದ್ದು ಅಜ್ಜಿ
ಮೋಡ ಹೋಯಿತು
ಮೌನ

ಕೊನೆಯದ್ದು ಒಂದೇ ಪದ. ಇನ್ನೇನಾದರೂ ಸೇರಿಸು ಅಂದೆ. ‘ಮೌನ ಅಂದ್ಮೇಲೆ ಮಾತಾಡಬಾರದು ಟೀಚರ್’ ಅಂದಳು. ನಾನು ಬಾಯಿ ಮುಚ್ಚಿಕೊಂಡೆ.

ಮೃ ಬಿಟ್ಟಿದ್ದೇವೆ. ‘ಮೃಗ’ ಅಂತ ತುರುಕಬಹುದಿತ್ತು, ಮನೆಯೊಳಗೆ ಮೃಗ ಯಾಕೆ ಬರುತ್ತದೆ? ಕೊನೇಬೆಂಚು ಸರ್ ಹೇಳಿದ್ದು ಇಲ್ಲಿ ನಿಜ. ಅಕ್ಷರ ಬರಲಿಲ್ಲ ಅಂದರೆ ಬಿಟ್ಟುಬಿಡಬೇಕು.

—

ಹುಣಸೆಬೀಜ

ನಾನು ಮಕ್ಕಳ ಹೆಸರಿನಲ್ಲಿ ಮಾಡಿಸಿದೆ. ಕಮಲ ಅಂದರೆ ಕ, ಮ, ಲ. ಎಲ್ಲ ಚೆನ್ನಾಗಿತ್ತು, ಕೃಷ್ಣ ಬರುವ ತನಕ. ಷ್ಣ ಇಂದ ಸಾಲು ಹೇಗೆ ಶುರು ಮಾಡೋದು? ಹುಡುಗ ಅಳೋದೊಂದು ಬಾಕಿ. ಕೊನೆಗೆ ಮನೆಯಲ್ಲಿ ಏನಂತ ಕರೀತಾರೆ ಅಂತ ಕೇಳಿದೆ. ‘ಕಿಟ್ಟಿ’. ಬಚಾವಾದೆ. ಇನ್ನೊಬ್ಬಳು ಲಕ್ಷ್ಮಿ. ಅವಳದ್ದು ಎರಡೇ ಸಾಲು:

ಲಡ್ಡು ಕದ್ದಳು
ಕ್ಷಮಿಸು ಅಂದಳು

ಇಡೀ ಶಾಲೆಗೆ ಬಾಯಿಪಾಠ ಆಗಿದೆ ಈಗ.

—

ಚಂದ್ರಗಿರಿ

ಕಾಸರಗೋಡಿನ ಕನ್ನಡ ಶಾಲೆಯಿಂದ. ಞ ಬಗ್ಗೆ ಕೇಳಿದ್ದೀರಿ. ನಿಮಗೆ ಪದ ಇಲ್ಲ, ನಮ್ಮ ಮಕ್ಕಳಿಗೆ ಉಂಟು!

ನಮ್ಮ ಕ್ಲಾಸಿನಲ್ಲಿ ಮನೆಯಲ್ಲಿ ತುಳು ಮಾತಾಡುವವರು, ಮಲಯಾಳ ಮಾತಾಡುವವರು, ಹವ್ಯಕ ಮಾತಾಡುವವರು ಎಲ್ಲ ಒಟ್ಟಿಗೆ. ನಾನು ಞ ಬರೆದು, ಇದರಿಂದ ಶುರುವಾಗುವ ಪದ ಕನ್ನಡದಲ್ಲಿ ಇಲ್ಲ, ಮುಂದೆ ಹೋಗುವ ಅಂದೆ. ಹಿಂದಿನಿಂದ ಒಬ್ಬ, ‘ಟೀಚರ್, ಞಂಡ್’ ಅಂದ. ಮಲಯಾಳದಲ್ಲಿ ಏಡಿ. ‘ಞಾನ್’ ಅಂದರೆ ನಾನು. ಅಷ್ಟು ದಿನ ಮೂಲೆಯಲ್ಲಿ ಸುಮ್ಮನೆ ಕೂರುತ್ತಿದ್ದ ಹುಡುಗ ಅವನು. ಅವತ್ತು ಒಂದು ಅಕ್ಷರ ಪೂರ್ತಿ ಅವನದ್ದೇ. ‘ಞಂಡ್ ಅಡ್ಡ ನಡೆಯಿತು’ ಅಂತ ಒಂದು ಸಾಲು ಬರೆದ, ಪಕ್ಕದಲ್ಲಿ ಹತ್ತು ಕಾಲು ಎಣಿಸಿ ಚಿತ್ರ ಬಿಡಿಸಿದ.

ಕನ್ನಡ ಪುಸ್ತಕದಲ್ಲಿ ಮಲಯಾಳ ಪದ ಯಾಕೆ ಅಂತ ಒಬ್ಬರು ಕೇಳಿದರು. ಯಾರು ಅಂತ ಬೇಡ. ನಾನು ತೆಗೆಯಲಿಲ್ಲ. ತುಳುವಿನ ಮಕ್ಕಳು ‘ಪ’ಗೆ ಪುಚ್ಚೆ ಅಂತ ಬೆಕ್ಕು ತಂದರು, ಅದನ್ನೂ ಬಿಟ್ಟಿದ್ದೇನೆ.

—

ಗಡಿನಾಡು

ನಾನು ಹೊಸೂರಿನವನು. ನಮ್ಮ ಅಕ್ಕಪಕ್ಕದ ತಮಿಳು ಮಕ್ಕಳು ಹಳೆಯ ಕವಯಿತ್ರಿ ಔವೈಯಾರ್ ಬರೆದ ‘ಆತ್ತಿಚೂಡಿ’ ಹೇಳುತ್ತಾರೆ. ಅಕ್ಷರಕ್ಕೆ ಒಂದು ಪುಟ್ಟ ಸಾಲು, ಎಲ್ಲ ಬುದ್ಧಿಮಾತು. ದೊಡ್ಡವರು ಮಕ್ಕಳಿಗೆ ಹೇಳುವುದು. ಇದನ್ನು ಉಲ್ಟಾ ಮಾಡಿದರೆ ಹೇಗೆ ಅನ್ನಿಸಿತು. ನಮ್ಮ ಕನ್ನಡ ಮಕ್ಕಳಿಗೆ ‘ನೀವು ದೊಡ್ಡವರಿಗೆ ಬುದ್ಧಿ ಹೇಳಿ’ ಅಂದೆ. ಬಂದದ್ದು:

ಅಪ್ಪಾ, ಫೋನ್ ಕೆಳಗಿಡು
ಆಟಕ್ಕೆ ಬಿಡು
ಇನ್ನೊಂದು ದೋಸೆ ಹಾಕು
ಈಗಲೇ ಮಲಗು ಅನ್ನಬೇಡ
ಉಪ್ಪಿಟ್ಟು ಸಾಕು
ಊರಿಗೆ ಕರ್ಕೊಂಡು ಹೋಗು

ಋ ಬಂದಾಗ ಒಬ್ಬಳು ‘ಋಣ ಇಲ್ಲ ನಿಮ್ದು’ ಅಂದಳು. ಎಲ್ಲಿ ಕೇಳಿಸಿಕೊಂಡಳೋ! ಪೋಷಕರ ಸಭೆಯಲ್ಲಿ ಇದನ್ನು ಓದಿಸಿದೆವು. ಎರಡನೇ ಸಾಲು ಬರುವಷ್ಟರಲ್ಲಿ ಮೂವರು ಅಪ್ಪಂದಿರು ಫೋನ್ ಜೇಬಿಗೆ ಹಾಕಿಕೊಂಡರು.

—

ಕೊನೇಬೆಂಚು

ನಾನೂ ಈಗ ಫೋನ್ ಕೆಳಗಿಡಬೇಕಾಯ್ತು. ಉಪ್ಪಿಟ್ಟಿನ ವಿಷಯದಲ್ಲಿ ಮಕ್ಕಳ ಪಕ್ಷ.

—

ಕರಿಹಲಗೆ

ಣ, ಳ ಬಗ್ಗೆ ಯಾರೂ ಹೇಳಲಿಲ್ಲ. ಇವು ಪದದ ಮೊದಲು ಬರುವುದಿಲ್ಲ, ಹಿಂದೆ ನಿಲ್ಲುತ್ತವೆ. ಹಿಂದೆಯೇ ನಿಲ್ಲಿಸಿ. ಸಾಲಿನ ಕೊನೆಗೆ ಬರಲಿ.

ಅಂಗಳದಲ್ಲಿ ಕಾಳು
ಕೋಳಿಮರಿ ಏಳು
ಬೆಕ್ಕು ಬಂತು, ತಾಳು
ಅಜ್ಜಿಗೆ ಹೋಗಿ ಹೇಳು

ಇದು ನನ್ನದೇ, ಈಗ ಹೊಳೆದದ್ದು. ‘ಣ’ಗೆ ಬಣ್ಣ, ಸಣ್ಣ, ಹಣ್ಣು, ಕಣ್ಣು, ಮಣ್ಣು ಇವೆ, ಬಡತನ ಇಲ್ಲ.

ಇನ್ನೊಂದು ಹೇಳಬೇಕು ಅಂತ ನಿನ್ನೆಯಿಂದ ಅನ್ನಿಸುತ್ತಿದೆ. ಹಳಗನ್ನಡ ಕಾವ್ಯದಲ್ಲಿ ಪ್ರಾಸ ಎಲ್ಲಿ ಇರುತ್ತದೆ? ಸಾಲಿನ ಕೊನೆಯಲ್ಲಲ್ಲ, ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ. ‘ಕೈ ಕೆಸರಾದರೆ ಬಾಯಿ ಮೊಸರು’, ಕೆಸರು–ಮೊಸರು, ಎರಡರಲ್ಲೂ ಎರಡನೆಯದು ಸ. ಈಗ ಸುಣ್ಣದಕಡ್ಡಿ ಮೇಡಂ, ನಿಮ್ಮ ಹುಡುಗನ ಸಾಲು ಮತ್ತೆ ನೋಡಿ.

ಅಕ್ಕಿ ಆರಿತು
ಹಕ್ಕಿ ಹಾರಿತು

ಅಕ್ಕಿ–ಹಕ್ಕಿ, ಎರಡನೇ ಅಕ್ಷರ ಕ್ಕಿ. ಆರಿತು–ಹಾರಿತು, ಎರಡನೇ ಅಕ್ಷರ ರಿ. ನಾನು ಮೂವತ್ತು ವರ್ಷ ‘ತಪ್ಪು’ ಅಂತ ಗೆರೆ ಎಳೆದದ್ದು ಇದಕ್ಕೇ. ಆ ಹುಡುಗನಿಗೆ ಏನೂ ವಿವರಿಸಬೇಡಿ. ಕಣ್ಣುಮುಚ್ಚಾಲೆ ಆಟ ಅನ್ನಿ. ಮೊದಲ ಅಕ್ಷರ ಬದಲಾಯಿಸು, ಎರಡನೆಯದು ಹಾಗೇ ಇಟ್ಟುಕೋ. ಏನು ಬರುತ್ತದೋ ನೋಡಿ.

—

ಅಡಿಕೆತೋಟ

ಸರ್, ಇದನ್ನು ಮೊದಲೇ ಹೇಳಬಾರದಿತ್ತಾ! ನಮ್ಮ 4ನೇ ಕ್ಲಾಸಿಗೆ ಇದು ಸರಿಯಾದ ಆಟ. ಕೊನೆ ಪ್ರಾಸ ಅಂದರೆ ಎಲ್ಲರೂ ‘ಬಂತು, ನಿಂತು, ತಿಂತು’ ಅಂತ ಅಲ್ಲೇ ಸುತ್ತುತ್ತಾರೆ.

—

ಸುಣ್ಣದಕಡ್ಡಿ

ಒಂದು ವಾರ ಬಿಟ್ಟು ಬರುತ್ತಿದ್ದೇನೆ. ಸಮೀಕ್ಷೆ ಕೆಲಸ ಬಂತು, ಅದರ ಮಾತು ಬೇಡ.

ಎಡ–ಬಲ ಪುಟ ಶುರು ಮಾಡಿದ್ದೇನೆ ಸರ್. ಎಡಗಡೆ ಬರೆಯುವಾಗ ಮಕ್ಕಳು ಕೈಯಿಂದ ಮುಚ್ಚಿಕೊಳ್ಳುವುದು ನಿಲ್ಲಿಸಿದ್ದಾರೆ. ಸಪ್ಪಳದ ಆಟಕ್ಕೆ ಇಡೀ ಕ್ಲಾಸು ಹುಚ್ಚೆದ್ದಿದೆ, ಪಕ್ಕದ ಕೋಣೆಯ ಮೇಷ್ಟ್ರು ಎರಡು ಸಲ ಬಂದು ಇಣುಕಿದರು. ಪಟ್ಟಿ ಬರೆಯುವವರು ಇನ್ನೂ ಐದಾರು ಜನ ಇದ್ದಾರೆ, ‘ಆಮೇಲೆ ಏನಾಯ್ತು’ ಅಂದರೆ ‘ಏನೂ ಆಗಿಲ್ಲ ಮಿಸ್’ ಅಂತಾರೆ. ನೋಡಬೇಕು.

ಅಕ್ಕಿ ಹುಡುಗನಿಗೆ ಎರಡು ಸಾಲೂ ಬರೆದು ಕೊಟ್ಟೆ. ಓದಿದ. ಕೆಳಗೆ, ಮೇಲೆ ಕೈ ತೋರಿಸಿದ. ಎರಡನೇ ಅಕ್ಷರದ ಆಟ ಹೇಳಿದೆ, ತಲೆ ಕೆರೆದುಕೊಂಡು ಜಾಗಕ್ಕೆ ಹೋದ. ಮಧ್ಯಾಹ್ನ ಊಟ ಆದ ಮೇಲೆ ತಂದು ಕೊಟ್ಟ:

ಅಕ್ಕಿ ಆರಿತು
ಹಕ್ಕಿ ಹಾರಿತು
ಪಕ್ಕದ್ಮನೆ ಅಜ್ಜಿ ಕೋಲು ತಂದಳು
ಸಿಕ್ಕಿಲ್ಲ

‘ಹ’ ಎರಡು ಕಡೆನೂ ಸರಿಯಾಗಿದೆ. ಮುಂದಿನ ಪುಟದಲ್ಲಿ ‘ಆವು’ ಅಂತಲೇ ಬರೆದಿದ್ದಾನೆ, ಅದು ಬೇರೆ ವಿಷಯ.

ಗೋಡೆಗೆ ದಾರ ಕಟ್ಟಿ ಬಟ್ಟೆ ಕ್ಲಿಪ್ ಹಾಕಿ ಪದ್ಯ ನೇತುಹಾಕಿದ್ದೇವೆ. ಙ ಹಾಳೆ ಖಾಲಿ ಬಿಟ್ಟಿದ್ದೆ. ನಿನ್ನೆ ನೋಡಿದರೆ ಯಾರೋ ಪೆನ್ಸಿಲ್‌ನಲ್ಲಿ ಬರೆದಿದ್ದಾರೆ. ಕೇಳಿದೆ. 2ನೇ ಕ್ಲಾಸಿನ ಹುಡುಗಿ, ಮನೆಯಲ್ಲಿ ಮೂರು ತಿಂಗಳ ತಮ್ಮ ಇದ್ದಾನೆ:

ಙಾ ಙಾ
ಅಮ್ಮ ಗದ್ದೆಗೆ
ಙಾ ಙಾ
ನಾನೇ ತೂಗ್ದೆ

—

ಜೋಳದರೊಟ್ಟಿ

ಅಯ್ಯೋ, ಸಪ್ಪಳದ ಪಟ್ಟಿಯಲ್ಲಿ ಇದನ್ನು ಹೇಗೆ ಮರೆತೆ ನಾ!

—

ಚಂದ್ರಗಿರಿ

ಞ ಹಾಳೆ ಇನ್ನೂ ಖಾಲಿ ಉಂಟಾ? ನಮ್ಮ ಹುಡುಗ ಏಡಿ ಬಿಡಿಸಿ ಕಳಿಸುತ್ತಾನಂತೆ. ವಿಳಾಸ ಒಳಪೆಟ್ಟಿಗೆಗೆ ಹಾಕಿ ಟೀಚರ್.